ಕಂತು ಇಬ್ಬರದು, ಮನೆ ಯಾರದು?

ಇಪ್ಪತ್ತು ವರ್ಷದ ಗೃಹಸಾಲ ತೆಗೆದು ಫ್ಲ್ಯಾಟ್ ಕೊಂಡ, ಇಲ್ಲವೇ ಅಪ್ಪನ ಸೈಟಿನ ಮೇಲೆ ಮಹಡಿ ಎಬ್ಬಿಸಿದ ಒಂದು ಇಡೀ ಪೀಳಿಗೆ ನಮ್ಮ ನಗರಗಳಲ್ಲಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಇಬ್ಬರ ಸಂಬಳದ ಚೀಟಿ ನೋಡಿಯೇ ಬ್ಯಾಂಕು ಸಾಲ ಮಂಜೂರು ಮಾಡಿದೆ. ಆ ಸಾಲಗಳಲ್ಲಿ ಎಷ್ಟೋ ಈಗ ನಡುದಾರಿಯಲ್ಲಿವೆ, ಕೆಲವು ಮದುವೆಗಳು ಅಲ್ಲೇ ಮುರಿದು ಬೀಳುತ್ತಿವೆ. ಅಂಥ ದಂಪತಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೋ ತಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯಕ್ಕೋ ಹೋದಾಗ, ವಕೀಲರ ಬಾಯಿಂದ ಮೊದಲ ಸಲ ಒಂದು ಸಂಗತಿ ಕೇಳುತ್ತಾರೆ: ಮದುವೆಯಾದ ಮೇಲೆ ಇಬ್ಬರೂ ಸೇರಿ ಮಾಡಿಕೊಂಡ ಮನೆ ಇಬ್ಬರದೂ ಹೌದು ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ.

ಇದನ್ನು ಮನೆ ಮುರಿದ ದಿನ ತಿಳಿದುಕೊಂಡರೆ ತಡವಾಯಿತು. ಮನೆ ಚೆನ್ನಾಗಿರುವಾಗಲೇ, ಸಾಲದ ಅರ್ಜಿಗೆ ಸಹಿ ಬೀಳುವ ಮೊದಲೇ ತಿಳಿದಿರಬೇಕು ಎಂಬ ಕಾರಣಕ್ಕೆ ಈ ಮಾತು ಬರೆಯುತ್ತಿದ್ದೇವೆ.

ಹಿಂದೂ ವಿವಾಹ ಕಾಯ್ದೆ 1955ರ 27ನೇ ಕಲಂ ಆಸ್ತಿಯ ಮಾತೆತ್ತುತ್ತದೆ, ನಿಜ. ಆದರೆ ಅದು ಮದುವೆಯ ಹೊತ್ತಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಆಸ್ತಿಯ ಮಾತು. ಎಂಟು ಹತ್ತು ವರ್ಷದ ಮೇಲೆ ಸಾಲ ಮಾಡಿ ಕೊಂಡ ಫ್ಲ್ಯಾಟನ್ನು ಅದರೊಳಗೆ ತೂರಿಸುವುದು ಕಷ್ಟ. 25ನೇ ಕಲಂ ಕಾಯಂ ಜೀವನಾಂಶದ್ದು. ಜೀವನಾಂಶಕ್ಕೆ ಭದ್ರತೆಯಾಗಿ ಎದುರುದಾರರ ಸ್ಥಿರಾಸ್ತಿಯ ಮೇಲೆ ಹೊಣೆ ಹೊರಿಸಲು ಅದರಲ್ಲಿ ಅವಕಾಶವಿದೆ, ಆಸ್ತಿಯಲ್ಲಿ ಪಾಲು ಕೊಡಲು ಅಲ್ಲ. ಮುಸ್ಲಿಂ, ಕ್ರೈಸ್ತ ದಂಪತಿಗಳಿಗೂ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ 7ನೇ ಕಲಂ ಪ್ರಕಾರ ಗಂಡ ಹೆಂಡಿರ ಆಸ್ತಿ ವ್ಯಾಜ್ಯವನ್ನು ಆ ನ್ಯಾಯಾಲಯವೇ ಕೇಳಬಹುದು. ಕೇಳಿ ತೀರ್ಮಾನಿಸುವುದು ಮಾತ್ರ ಯಾರಿಗೂ ಅನ್ವಯವಾಗುವ ಸಾಮಾನ್ಯ ಆಸ್ತಿ ಕಾನೂನಿನ ಮೇಲೆ: 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1893ರ ವಿಭಾಗ ಕಾಯ್ದೆ. ಸೇರಿ ಗೋದಾಮು ಕೊಂಡ ಇಬ್ಬರು ವ್ಯಾಪಾರಿಗಳಿಗೆ ಯಾವ ನಿಯಮವೋ, ಹದಿನಾಲ್ಕು ವರ್ಷ ಒಂದೇ ಒಲೆಯ ಅನ್ನ ಉಂಡವರಿಗೂ ಅದೇ.

ಒಂದು ಮನೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಇದು ಯಾರೊಬ್ಬರ ಮನೆಯೂ ಅಲ್ಲ, ಹಾಗೆಯೇ ಎಲ್ಲರಿಗೂ ಪರಿಚಯದ ಮನೆ. ಗಂಡನ ಸಂಬಳದ ಖಾತೆಯಿಂದ ಪ್ರತಿ ತಿಂಗಳು 5ನೇ ತಾರೀಖು ಕಂತು ಕಡಿತವಾಗುತ್ತದೆ. ಹೆಂಡತಿಯ ಖಾತೆಯಿಂದ ಮಗಳ ಶಾಲೆ ಫೀಸು, ದಿನಸಿ, ಹಾಲು, ಕರೆಂಟ್ ಬಿಲ್ಲು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ಮನೆಗೆಲಸದವಳ ಸಂಬಳ, ಅತ್ತೆಯ ಬಿಪಿ ಮಾತ್ರೆ ಎಲ್ಲ ಹೋಗುತ್ತವೆ. ಸಾಲವಿದ್ದಷ್ಟು ದಿನ ಇದು ಸಲೀಸಾದ ಏರ್ಪಾಡು, ಯಾರಿಗೂ ಇದರಲ್ಲಿ ದುರುದ್ದೇಶವಿಲ್ಲ. ಬೇರೆಯಾಗುವ ದಿನ ಬಂದಾಗ ಅವನ ಪಾಸ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಾಲು, ಒಂದೇ ಮೊತ್ತ, ಒಂದೇ ಸಾಲದ ಸಂಖ್ಯೆ. ಅದಕ್ಕೆ ವಿವರಣೆಯೇ ಬೇಡ, ಕಣ್ಣಿಗೆ ಕಾಣುವ ಸಾಕ್ಷ್ಯ. ಅವಳ ಪಾಸ್‌ಬುಕ್ಕಿನಲ್ಲಿ ಕಿರಾಣಿ ಅಂಗಡಿಗೆ ಇನ್ನೂರು ಮುನ್ನೂರು, ಔಷಧಿ ಅಂಗಡಿಗೆ ನಾನೂರು, ಹೀಗೆ ಸಾವಿರಾರು ಚಿಲ್ಲರೆ ಸಾಲುಗಳು. ಕೂಡಿಸಿದರೆ ಎರಡೂ ಮೊತ್ತ ಹೆಚ್ಚು ಕಡಿಮೆ ಸಮವಾದೀತು. ಅವಳು ಮನೆಖರ್ಚು ಹೊತ್ತದ್ದರಿಂದಲೇ ಅವನಿಗೆ ಕಂತು ಕಟ್ಟಲು ಸಾಧ್ಯವಾಯಿತು. ಆದರೆ ಅವಳು ಕೊಟ್ಟದ್ದು ಉಂಡು, ಉಟ್ಟು, ಓದಿ ಮುಗಿದುಹೋಯಿತು. ಅವನು ಕೊಟ್ಟದ್ದು ಗೋಡೆಯಾಗಿ ನಿಂತಿದೆ. ಮನೆಯಲ್ಲೇ ಇದ್ದು ಮಕ್ಕಳನ್ನು ಸಾಕಿದವಳಿಗಂತೂ ತೋರಿಸಲು ಪಾಸ್‌ಬುಕ್ಕಿನ ಚಿಲ್ಲರೆ ಸಾಲುಗಳೂ ಇಲ್ಲ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದ್ದರೆ ಅರ್ಧರ್ಧ ಖಂಡಿತ ಎಂದು ಬಹಳ ಜನ ನಂಬಿದ್ದಾರೆ. ಅದೂ ಪೂರ್ತಿ ನಿಜವಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಂ ಹೀಗಿದೆ: ಇಬ್ಬರು ಬೇರೆ ಬೇರೆಯಾಗಿ ಹಣ ಹಾಕಿ ಒಂದು ಸ್ವತ್ತು ಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಾಕಿದ ಹಣದ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರೆಂಬುದಕ್ಕೆ ಸಾಕ್ಷ್ಯವೇ ಇಲ್ಲದಿದ್ದರೆ ಮಾತ್ರ ಸಮಪಾಲೆಂದು ಭಾವಿಸಬೇಕು. ಎಂದರೆ ಜಂಟಿ ಹೆಸರಿನ ಮನೆಯಲ್ಲೂ ಮತ್ತೆ ಪಾಸ್‌ಬುಕ್ಕಿನ ಜಗಳವೇ. ಡೌನ್ ಪೇಮೆಂಟಿಗಾಗಿ ಅವಳು ತವರಿನ ಬಳೆ ಮಾರಿದ್ದಳು, ಹಳೆಯ ಕೆಲಸದ ಪಿಎಫ್ ತೆಗೆದಿದ್ದಳು. ಆ ಹಣ ಮೊದಲು ಗಂಡನ ಖಾತೆಗೆ ಹೋಗಿ ಅಲ್ಲಿಂದ ಬಿಲ್ಡರಿಗೆ ಹೋಗಿದ್ದರೆ, ಹತ್ತು ವರ್ಷದ ನಂತರ ಅದು ಅವಳದೇ ಎಂದು ತೋರಿಸುವ ಹೊರೆ ಅವಳ ಮೇಲೆ. ಇದನ್ನು ತಪ್ಪಿಸಲು ಒಂದು ಸಾಲು ಸಾಕು. ಕ್ರಯಪತ್ರ ಬರೆಸುವಾಗಲೇ ಇಬ್ಬರಿಗೂ ಇಂತಿಷ್ಟು ಪಾಲು ಎಂದು ನಮೂದಿಸುವುದು. ಪತ್ರ ಬರಹಗಾರರು ತಾವಾಗಿ ಕೇಳುವುದು ಅಪರೂಪ, ನಾವೇ ಕೇಳಿ ಬರೆಸಬೇಕು.

ಇನ್ನೂ ಕೆಟ್ಟದ್ದು, ಸಾಲದ ಪತ್ರದಲ್ಲಿ ಅವಳ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿರುವುದು. ಸಾಲದ ಅರ್ಹತೆ ಹೆಚ್ಚಲೆಂದು ಹೆಂಡತಿಯನ್ನು ಸಹಸಾಲಗಾರಳಾಗಿ ಸೇರಿಸುತ್ತಾರೆ. ಬ್ಯಾಂಕಿನ ಮೇಜಿನ ಮೇಲೆ ಮೂವತ್ತು ನಲವತ್ತು ಕಡೆ ಸಹಿ ಹಾಕಿದವಳು ಮನೆಗೂ ತಾನು ಒಡತಿ ಎಂದೇ ತಿಳಿಯುತ್ತಾಳೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳ ಹೆಬ್ಬೆರಳು, ಫೋಟೊ ಬಿದ್ದಿರುವುದಿಲ್ಲ. ಅವಳು ಸಾಲಕ್ಕೆ ಮಾತ್ರ ಹೊಣೆ, ಮನೆಗೆ ಒಡತಿಯಲ್ಲ. ಬ್ಯಾಂಕು ಮಾತ್ರ ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ವಿಚ್ಛೇದನದ ಡಿಕ್ರಿಗೆ ಬ್ಯಾಂಕು ಪಕ್ಷಕಾರನಲ್ಲ, ಡಿಕ್ರಿಯಿಂದ ಸಾಲದ ಕರಾರು ಬದಲಾಗುವುದಿಲ್ಲ. ಮನೆ ಬಿಟ್ಟು ಬಾಡಿಗೆ ಮನೆಗೆ ಹೋದವಳ ಸಿಬಿಲ್ ಅಂಕ, ತಾನು ಕಾಲಿಡದ ಮನೆಯ ಕಂತು ತಪ್ಪಿದ್ದಕ್ಕೆ ಕುಸಿಯುತ್ತದೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಅನುತ್ಪಾದಕವೆಂದು ವರ್ಗವಾಗುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯ 60 ದಿನಗಳ ನೋಟಿಸು ಬರುತ್ತದೆ. ಗಂಡ ಹೆಂಡತಿ ನ್ಯಾಯಾಲಯದಲ್ಲಿ ದಿನಾಂಕ ಪಡೆಯುತ್ತಿರುವಾಗಲೇ ಮನೆ ಹರಾಜಿಗೆ ಬರಬಹುದು.

ಈಗ ಅಪ್ಪನ ಸೈಟಿನ ಮೇಲಿನ ಮಹಡಿಯ ಮಾತು. ನಮ್ಮಲ್ಲಿ ಇದರಷ್ಟು ಸಾಮಾನ್ಯವಾದ, ಇದರಷ್ಟು ಅಪಾಯದ ಏರ್ಪಾಡು ಇನ್ನೊಂದಿಲ್ಲ. ಮಾವನಿಗೆ ಎಂದೋ ಬಿಡಿಎಯಿಂದಲೋ ಸೊಸೈಟಿಯಿಂದಲೋ ಬಂದ ತರ್ಟಿ ಫಾರ್ಟಿ ಸೈಟು. ಕೆಳಗೆ ಹಿರಿಯರು, ಮೇಲೆ ಮಗ ಸೊಸೆ. ಮೇಲಿನ ಮನೆಗೆ ಸಾಲ ತೆಗೆದವರು ಮಗ ಸೊಸೆ, ಅಡುಗೆಮನೆಯ ಗ್ರಾನೈಟಿಗೆ, ಮಕ್ಕಳ ಕೋಣೆಯ ವಾರ್ಡ್‌ರೋಬಿಗೆ ಹಣ ಕೊಟ್ಟವಳು ಸೊಸೆ. ಖಾತಾ ಮಾವನ ಹೆಸರಿನಲ್ಲೇ ಉಳಿದಿರುತ್ತದೆ, ‘ಮುಂದೆ ಇವರಿಗೇ ತಾನೆ’ ಎಂಬ ಮಾತಿನ ಮೇಲೆ. ಆ ಮಾತು ಸುಳ್ಳೆಂದು ನಾವು ಹೇಳುತ್ತಿಲ್ಲ, ಹೇಳುವಾಗ ಎಲ್ಲರೂ ಮನಸಾರೆಯೇ ಹೇಳಿರುತ್ತಾರೆ. ಆದರೆ ಮಾವನ ಸ್ವಯಾರ್ಜಿತದಲ್ಲಿ ಸೊಸೆಗೆ ಹಕ್ಕಿಲ್ಲ, ಮಗನಿಗೂ ಅಪ್ಪ ಬದುಕಿರುವಾಗ ಹಕ್ಕಿಲ್ಲ. ದಾಖಲೆಯಲ್ಲಿ ನೆಲ ಯಾರದೋ ಕಟ್ಟಡವೂ ಅವರದೇ. ಹಾಕಿದ ಹಣ ಕೇಳುವುದಾದರೆ ಅದಕ್ಕೆ ಬೇರೆ ದಾವೆ, ಬೇರೆ ಸಾಕ್ಷ್ಯ, ಮತ್ತಷ್ಟು ವರ್ಷ. ಮದುವೆ ಮುರಿದರೆ ಸೊಸೆ ಬರಿಗೈಯಲ್ಲಿ ಮೆಟ್ಟಿಲಿಳಿಯುತ್ತಾಳೆ, ಸಾಲದ ಸಹಿ ಮಾತ್ರ ಅವಳ ಜೊತೆ ಬರುತ್ತದೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005 ಇಲ್ಲಿ ಸ್ವಲ್ಪ ಆಸರೆ ಕೊಟ್ಟಿದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು 17ನೇ ಕಲಂ ಹೇಳುತ್ತದೆ. ಹೊರಹಾಕದಂತೆ, ಮಾರದಂತೆ, ಅಡವಿಡದಂತೆ 19ನೇ ಕಲಂ ಅಡಿ ಆದೇಶ ಪಡೆಯಬಹುದು. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ಹಕ್ಕನ್ನು ಗಂಡನ ಸ್ವಂತ ಅಥವಾ ಬಾಡಿಗೆ ಮನೆ, ಇಲ್ಲವೇ ಗಂಡ ಸದಸ್ಯನಾಗಿರುವ ಅವಿಭಕ್ತ ಕುಟುಂಬದ ಮನೆಗೆ ಸೀಮಿತಗೊಳಿಸಿತ್ತು. ಅತ್ತೆ ಮಾವಂದಿರ ಮನೆ ಹೊರಗುಳಿಯಿತು. ಹದಿನಾಲ್ಕು ವರ್ಷ ಅದೇ ನಡೆಯಿತು. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸರಿಪಡಿಸಿ, ಸೊಸೆ ಸಂಸಾರ ಹೂಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದು ಎಂದಿತು.

ಎರಡೇ ತಿಂಗಳಲ್ಲಿ, ಡಿಸೆಂಬರ್ 15ರಂದು, ಬೆಂಗಳೂರು ಉತ್ತರದ ಒಂದು ಮನೆಯ ಪ್ರಕರಣ ತೀರ್ಮಾನವಾಯಿತು. ಈ ಸಂಪಾದಕೀಯ ಹೇಳಹೊರಟ ಅಪಾಯವೆಲ್ಲ ಆ ಒಂದೇ ಕಡತದಲ್ಲಿದೆ. ಗಂಡ ಮದುವೆಗೆ ಮುಂಚೆ ಕೊಂಡ ಸ್ವತ್ತು. ಕೆಲವು ವರ್ಷದ ಮೇಲೆ ಅದನ್ನು ಕೊಂಡ ಬೆಲೆಗೇ ತನ್ನ ತಂದೆಗೆ ಮಾರಿದ. ವಿಚ್ಛೇದನದ ಅರ್ಜಿ ಬಿದ್ದ ಬಳಿಕ ತಂದೆ ಅದನ್ನು ತಾಯಿಗೆ ದಾನಪತ್ರ ಮಾಡಿದರು. ಬಳಿಕ ಹಿರಿಯರು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಸೊಸೆಯನ್ನು ತೆರವುಗೊಳಿಸಲು ಕೇಳಿದರು. ಉಪವಿಭಾಗಾಧಿಕಾರಿ ಒಪ್ಪಿದರು, ಜಿಲ್ಲಾಧಿಕಾರಿ ಎತ್ತಿಹಿಡಿದರು, ಹೈಕೋರ್ಟಿನ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಎತ್ತಿಹಿಡಿದವು. ಸುಪ್ರೀಂ ಕೋರ್ಟು ಮಾತ್ರ, ಹಿರಿಯರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕು ಅಳಿಸಲು ಬಳಸಕೂಡದು ಎಂದು ಆ ಆದೇಶಗಳನ್ನು ರದ್ದುಮಾಡಿತು. ಅಷ್ಟು ದೂರ ಹೋಗಬಲ್ಲ ಹೆಂಗಸರು ಎಷ್ಟು ಜನ? ಹೋದರೂ ಸಿಕ್ಕಿದ್ದು ವಾಸದ ರಕ್ಷಣೆ, ಒಡೆತನವಲ್ಲ. ತಲೆಯ ಮೇಲೆ ಸೂರು ಉಳಿಯುವುದಕ್ಕೂ ಆ ಸೂರಿನಲ್ಲಿ ಪಾಲು ಇರುವುದಕ್ಕೂ ಅಜಗಜಾಂತರ.

ಹಿರಿಯರನ್ನು ನಾವು ಎದುರಾಳಿಗಳಂತೆ ಕಾಣುತ್ತಿಲ್ಲ. ಅವರ ಭಯವೂ ಸಾಚಾ: ಜೀವಮಾನದ ಗಳಿಕೆಯ ಮನೆ ಮಕ್ಕಳ ಜಗಳಕ್ಕೆ ಸಿಕ್ಕಿಬಿಡುತ್ತದೆ ಎಂಬ ಭಯ. ಗಂಡಸರೂ ಇದರಲ್ಲಿ ಕಳೆದುಕೊಳ್ಳುತ್ತಾರೆ. ಕರಾವಳಿಯಿಂದ ಗಲ್ಫಿಗೆ ಹೋದವರು ಹೆಂಡತಿಯ ಹೆಸರಿನಲ್ಲಿ ಊರಲ್ಲಿ ಮನೆ ಕಟ್ಟಿಸಿದ್ದಾರೆ. ತಿಳಿದ ಆದಾಯದಿಂದ ಪತ್ನಿಯ ಹೆಸರಿನಲ್ಲಿ ಕೊಂಡದ್ದು ಬೇನಾಮಿಯಲ್ಲ ಎಂದು 2016ರ ತಿದ್ದುಪಡಿ ಹೇಳುತ್ತದೆ, ಆದರೆ ಅದು ಅವಳಿಗೆ ಕೊಟ್ಟದ್ದೋ, ಹೆಸರಿಗಷ್ಟೇ ಇಟ್ಟದ್ದೋ ಎಂಬ ಜಗಳ ಅಲ್ಲಿಂದಲೇ ಶುರು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡ ದಂಪತಿಗೆ ಅಲ್ಲಿನ ಕಾನೂನು ಮದುವೆಯ ನಂತರದ ಗಳಿಕೆಯನ್ನು ಇಬ್ಬರದೆಂದೇ ಕಾಣುತ್ತದೆ. ಅವರೇ ಮೈಸೂರಿನಲ್ಲಿ ಕೊಂಡ ಸೈಟಿನ ಪ್ರಶ್ನೆ ಬಂದರೆ ಆ ಡಿಕ್ರಿ ಹಿಡಿದು ಇಲ್ಲಿ ಪಾಲು ಮಾಡಿಸಲಾಗದು, ಭಾರತದ ನೆಲದ ಹಕ್ಕು ತೀರ್ಮಾನವಾಗಬೇಕಾದದ್ದು ಭಾರತದ ನ್ಯಾಯಾಲಯದಲ್ಲೇ.

ಸಂಸತ್ತಿಗೆ ಇದೆಲ್ಲ ಗೊತ್ತಿಲ್ಲದ ವಿಷಯವಲ್ಲ. 2010ರ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ, ಸರಿಪಡಿಸಲಾಗದಂತೆ ಮುರಿದ ಮದುವೆಯಲ್ಲಿ ಹೆಂಡತಿಗೆ ಗಂಡನ ಆಸ್ತಿಯಿಂದ ಪರಿಹಾರ ಕೊಡುವ ಪ್ರಸ್ತಾವ ಹೊತ್ತಿತ್ತು. ರಾಜ್ಯಸಭೆ 2013ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. 2014ರಲ್ಲಿ ಲೋಕಸಭೆ ವಿಸರ್ಜನೆಯಾಯಿತು, ಮಸೂದೆ ಬಿದ್ದುಹೋಯಿತು. 2018ರ ಆಗಸ್ಟ್ 31ರಂದು ಭಾರತದ ಕಾನೂನು ಆಯೋಗ ಕೌಟುಂಬಿಕ ಕಾನೂನುಗಳ ಸುಧಾರಣೆ ಕುರಿತ ಸಮಾಲೋಚನಾ ಪತ್ರದಲ್ಲಿ, ಮದುವೆಯ ನಂತರ ಗಳಿಸಿದ ಆಸ್ತಿಯನ್ನು ದಂಪತಿಯ ಒಂದು ಘಟಕವಾಗಿ ನೋಡಬೇಕೆಂದಿತು. ಮದರಾಸು ಹೈಕೋರ್ಟು 2023ರ ಜೂನ್‌ನಲ್ಲಿ, ಗಂಡ ದೂರದಲ್ಲಿ ದುಡಿದು ಕಳುಹಿಸಿದ ಹಣದಿಂದ ಕೊಂಡ ಸ್ವತ್ತಿನಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲಿದೆ ಎಂದು ತೀರ್ಪಿತ್ತಿತು. 2024ರ ಜುಲೈನಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಜೀವನಾಂಶದ ಪ್ರಕರಣವೊಂದರಲ್ಲಿ, ಗೃಹಿಣಿಯ ಆರ್ಥಿಕ ಭದ್ರತೆ ಮತ್ತು ವಾಸದ ಭದ್ರತೆಯ ಬಗ್ಗೆ ಗಂಡಂದಿರು ಎಚ್ಚೆತ್ತುಕೊಳ್ಳಬೇಕೆಂದು ಬರೆದರು. ಇವೆಲ್ಲ ಬೆಳಕಿನ ಕಿಂಡಿಗಳು. ಒಬ್ಬೊಬ್ಬ ನ್ಯಾಯಮೂರ್ತಿಯ ಅಂತಃಕರಣದ ಮೇಲೆ ಒಂದು ಪೀಳಿಗೆಯ ಮನೆಗಳನ್ನು ನಿಲ್ಲಿಸಲಾಗದು.

ದೂರದ ದೇಶದ ಮಾದರಿಯೂ ಬೇಕಿಲ್ಲ. ಕಾರವಾರ ದಾಟಿದರೆ ಗೋವಾ. ಅಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಮದುವೆಯೊಂದಿಗೇ ಆಸ್ತಿ ಇಬ್ಬರದಾಗುತ್ತದೆ. ಹೆಂಡತಿಯ ಸಮ್ಮತಿಯಿಲ್ಲದೆ ಗಂಡ ಮನೆ ಮಾರಲಾರ. ಆ ಸಂಹಿತೆಯಲ್ಲಿ ಹೆಂಗಸರಿಗೆ ಅನ್ಯಾಯವಾಗುವ ಅಂಶಗಳೂ ಇವೆ, ಇಡಿಯಾಗಿ ತರಬೇಕೆಂದು ನಾವು ಹೇಳುವುದಿಲ್ಲ. ಮನೆ ಮಾರಲು ಇಬ್ಬರ ಸಹಿ ಎಂಬ ಆ ಒಂದು ನಿಯಮ ಸಾಕು.

ಅದು ಬರುವವರೆಗೆ ಕುಟುಂಬಗಳು ಮಾಡಿಕೊಳ್ಳಬಹುದಾದದ್ದು ಇದೆ. ಮಹಡಿ ಕಟ್ಟಲು ಸೊಸೆ ಹಣ ಹಾಕುವುದಾದರೆ, ಮೊದಲು ಮಾವ ಆ ಭಾಗವನ್ನು ಮಗ ಸೊಸೆ ಇಬ್ಬರ ಹೆಸರಿಗೂ ನೋಂದಾಯಿತ ಪತ್ರ ಮಾಡಿಕೊಡಲಿ. ಮಾವನಿಗೆ ಮನಸ್ಸಿಲ್ಲದಿದ್ದರೆ ಅದು ಅವರ ಹಕ್ಕು, ಆಗ ಅವಳ ಹಣ ಅವಳ ಹೆಸರಿನಲ್ಲೇ ಬೇರೆ ಕಡೆ ಇರಲಿ. ಕಂತನ್ನು ಜಂಟಿ ಖಾತೆಯಿಂದ ಕಟ್ಟಿ. ಕ್ರಯಪತ್ರದ ದೃಢೀಕೃತ ನಕಲು ಇಬ್ಬರ ಬಳಿಯೂ ಇರಲಿ. ಸಂಬಂಧ ಹಳಸುತ್ತಿದೆ ಅನ್ನಿಸಿದ ದಿನ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡುವುದು ಅವಿಶ್ವಾಸದ ಲಕ್ಷಣವಲ್ಲ. ದಾನಪತ್ರವೋ ಅಡಮಾನವೋ ಆಗಿದ್ದರೆ ಅಲ್ಲಿ ಕಾಣುತ್ತದೆ. ನ್ಯಾಯಾಲಯದಲ್ಲಿರುವ ದಾವೆ ಮಾತ್ರ ಇಸಿಯಲ್ಲಿ ತಾನಾಗಿ ಕಾಣುವುದಿಲ್ಲ. ಹೀಗಾಗಿ ವ್ಯಾಜ್ಯದ ಮನೆಯನ್ನು ಏನೂ ತಿಳಿಯದ ಮೂರನೆಯವರು ಕೊಂಡು ಅವರೂ ಕೋರ್ಟಿಗೆ ಅಲೆಯುತ್ತಾರೆ. ಮಹಾರಾಷ್ಟ್ರದಲ್ಲಿ ಇಂಥ ದಾವೆಯ ನೋಟಿಸನ್ನು ನೋಂದಾಯಿಸುವ ಕ್ರಮವಿದೆ, ನಮ್ಮ ನೋಂದಣಿ ಇಲಾಖೆಗೂ ಅದು ಅಸಾಧ್ಯವಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆಗುವ ಅನಾಹುತ ಇನ್ನೊಂದು ಬಗೆಯದು. ಬೇಗ ಮುಗಿದರೆ ಸಾಕೆಂಬ ದಣಿವಿನಲ್ಲಿ ‘ಫ್ಲ್ಯಾಟ್ ಹೆಂಡತಿಗೆ’ ಎಂದು ರಾಜಿ ಪತ್ರದಲ್ಲಿ ಒಂದು ಸಾಲು ಬರೆದು ಎದ್ದುಬರುತ್ತಾರೆ. ಚೆಕ್ಕುಬಂದಿ, ಖಾತಾ ಸಂಖ್ಯೆ, ಬಾಕಿ ಸಾಲ ಯಾರ ಪಾಲಿಗೆ, ಯಾವ ತಾರೀಖಿನೊಳಗೆ ಹಕ್ಕು ಬಿಡುಗಡೆ ಪತ್ರ, ಇದ್ಯಾವುದೂ ಅದರಲ್ಲಿರುವುದಿಲ್ಲ. ಆ ಸಾಲು ಹಿಡಿದು ಹೋದರೆ ಖಾತಾ ಬದಲಾಗುವುದಿಲ್ಲ. ಬಿಟ್ಟುಕೊಡುವವರನ್ನು ಸಾಲದಿಂದ ಬಿಡಲು ಬ್ಯಾಂಕು ಉಳಿಯುವವರ ಒಬ್ಬರ ಸಂಬಳ ಸಾಕೇ ಎಂದು ಹೊಸದಾಗಿ ಅಳೆಯುತ್ತದೆ, ಸಾಲದಿದ್ದರೆ ಒಪ್ಪುವುದಿಲ್ಲ. ದಂಪತಿಯಾಗಿರುವಾಗ ಕುಟುಂಬದೊಳಗಿನ ಪತ್ರಗಳಿಗೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿಯನ್ನು ಡಿಕ್ರಿಯ ನಂತರ ಕೇಳಲು ಹೋದರೆ ತಕರಾರು ಏಳುತ್ತದೆ. ಡಿಕ್ರಿಗಾಗಿ ನ್ಯಾಯಾಲಯದಲ್ಲಿ ಎರಡನೇ ಸಲ ಹಾಜರಾಗುವ ಮೊದಲೇ ಬ್ಯಾಂಕಿನ ಲಿಖಿತ ಒಪ್ಪಿಗೆ ಕೈಯಲ್ಲಿರಬೇಕು, ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿರಬೇಕು.

ರಾಜ್ಯ ಸರ್ಕಾರ ಇದು ದೆಹಲಿಯ ಕೆಲಸವೆಂದು ಕೈತೊಳೆದುಕೊಳ್ಳುವಂತಿಲ್ಲ. ಮದುವೆ, ವಿಚ್ಛೇದನ, ಉತ್ತರಾಧಿಕಾರ, ಅವಿಭಕ್ತ ಕುಟುಂಬ ಎಲ್ಲವೂ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ಕಾನೂನು ಮಾಡಬಹುದು. ಈ ನೆಲಕ್ಕೆ ಅದು ಹೊಸದೂ ಅಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. ಬ್ರಿಟಿಷ್ ಭಾರತ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿದ್ದು 1937ರಲ್ಲಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರ ಜುಲೈ 30ರಿಂದ ಕೊಟ್ಟಿತು, ಕೇಂದ್ರ ಅದನ್ನು ಮಾಡಿದ್ದು 2005ರಲ್ಲಿ, ಹನ್ನೊಂದು ವರ್ಷ ತಡವಾಗಿ. ಮಗಳಾಗಿ ಅವಳ ಪಾಲನ್ನು ನಾಡು ಮೊದಲು ಗುರುತಿಸಿತು. ಹೆಂಡತಿಯಾಗಿ ಅವಳು ಕಟ್ಟಿದ ಮನೆಯಲ್ಲಿ ಅವಳ ಪಾಲನ್ನು ಗುರುತಿಸುವುದು ಬಾಕಿಯಿದೆ.

ನಾವು ಕೇಳುತ್ತಿರುವುದು ಪಿತ್ರಾರ್ಜಿತವನ್ನಲ್ಲ, ಹೊಲಗದ್ದೆಯನ್ನಲ್ಲ, ಮದುವೆಗೆ ಮುಂಚಿನ ಗಳಿಕೆಯನ್ನಲ್ಲ. ಮದುವೆಯಾದ ಮೇಲೆ ದಂಪತಿ ಗಳಿಸಿ, ವಾಸವಿದ್ದ ಒಂದು ಮನೆಯ ಮಾತು. ಬೇರೆಯಾಗುವಾಗ ಅದನ್ನು ಹಂಚಲು ಕೌಟುಂಬಿಕ ನ್ಯಾಯಾಲಯಕ್ಕೆ ಅಧಿಕಾರವಿರಲಿ. ಹಂಚುವಾಗ ಮನೆವಾರ್ತೆಯನ್ನೂ ಮಕ್ಕಳ ಪಾಲನೆಯನ್ನೂ ಹಣ ಹಾಕಿದಂತೆಯೇ ಎಣಿಸಲಿ. ಮಕ್ಕಳು ಯಾರ ಬಳಿ ಇರುತ್ತಾರೋ ಅವರು ಆ ಮನೆಯಲ್ಲಿ ಉಳಿಯುವುದಕ್ಕೆ ಮೊದಲ ಆದ್ಯತೆ ಇರಲಿ. ಇಷ್ಟನ್ನೂ ಚರ್ಚಿಸಲು ಕಾಲ ಬೇಕಾದರೆ ರಾಜ್ಯದ ಕಾನೂನು ಆಯೋಗಕ್ಕೆ ಕರಡು ಒಪ್ಪಿಸಿ ಗಡುವು ಕೊಡಲಿ. ಒಂದನ್ನು ಮಾತ್ರ ಮುಂದೂಡಬಾರದು: ದಂಪತಿ ವಾಸವಿರುವ ಅಂಥ ಮನೆಯನ್ನು, ಹೆಸರು ಯಾರದೇ ಇರಲಿ, ಇನ್ನೊಬ್ಬರ ಲಿಖಿತ ಒಪ್ಪಿಗೆಯಿಲ್ಲದೆ ಮಾರಲು, ಅಡವಿಡಲು, ದಾನ ಕೊಡಲು ಸಬ್ ರಿಜಿಸ್ಟ್ರಾರ್ ನೋಂದಾಯಿಸಕೂಡದು ಎಂಬ ತಿದ್ದುಪಡಿ ಮೊದಲು ಬರಲಿ, ಮುಂದಿನ ಅಧಿವೇಶನದಲ್ಲೇ ಬರಲಿ.